ತಮ್ಮನನ್ನು ಯಾರು ನೋಡಿಕೊಳ್ಳಬೇಕು?

ಮೊನ್ನೆ ಮದ್ದೂರಿನ ರೈಲ್ವೆ ಸ್ಟೇಷನ್ನಿನ ಎದುರಿಗಿರುವ ಹೋಟೆಲಿನಲ್ಲಿ ಕಾಫಿ ಲೋಟವನ್ನು ಬಾಯಿಯ ಹತ್ತಿರ ತಂದವಳು ಹಾಗೆಯೇ ಕೆಳಗಿಟ್ಟುಬಿಟ್ಟೆ. ಹಾಲಿಗೆ ಹೊಗೆ ಹಿಡಿದಿತ್ತು. ಹಸಿ ಸೌದೆಯ ಒಲೆಯ ಮೇಲೆ ಮುಚ್ಚದೆ ಕಾಯಿಸಿದ ಹಾಲಿಗೆ ಬರುತ್ತದಲ್ಲ, ನಾಲಿಗೆಯ ಬುಡದಲ್ಲಿ ಹೋಗಿ ಕೂತುಬಿಡುವ ವಾಸನೆ, ಅದು ನಿಮಗೂ ಗೊತ್ತಿರಬಹುದು. ಬಾಲ್ಯವೆಂದರೆ ಬೆಲ್ಲ ಎಂದು ಬರೆಯುವವರನ್ನು ಕಂಡರೆ ನನಗೆ ಅನುಮಾನ. ಯಾವ ಬಾಲ್ಯ, ಯಾರ ಬಾಲ್ಯ ಎಂದು ಕೇಳಬೇಕೆನಿಸುತ್ತದೆ. ಕೇಳಿದ್ದೇನೆ ಕೂಡ, ಕೇಳಿ ಬೈಸಿಕೊಂಡಿದ್ದೇನೆ. ನನ್ನ ಬಾಲ್ಯಕ್ಕಂತೂ ಇರುವುದು ಹೊಗೆ ಹಿಡಿದ ಹಾಲಿನ ವಾಸನೆ. ಆ ಹಾಲನ್ನು ಕುಡಿಯಲೊಲ್ಲದೆ ಮುಖ ಕೆಂಪಗೆ ಮಾಡಿಕೊಂಡು ಅಳುತ್ತಿದ್ದ ಮೂರು ತಿಂಗಳ ಕೂಸು ನನ್ನ ತಮ್ಮ.

ಮಂಡ್ಯದಿಂದ ಗುತ್ತಲಿಗೆ ಹೋಗುವ ದಾರಿಯಲ್ಲಿ ನಮ್ಮ ನಾಡಹೆಂಚಿನ ಮನೆ ಇತ್ತು. ಈಗ ಅಲ್ಲಿ ಮರದ ಅಡ್ಡೆ ಇದೆ; ಅಜ್ಜಿ ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದ ಜಗಲಿಯ ಜಾಗದಲ್ಲಿ ದಿಮ್ಮಿಗಳನ್ನು ಒಟ್ಟಿದ್ದಾರೆ. ಎರಡನೆಯ ಮಹಾಯುದ್ಧ ಶುರುವಾಗಿದ್ದ ಕಾಲ. ಅಪ್ಪ ನಾಲೆಯ ಕಛೇರಿಯಲ್ಲಿ ಗುಮಾಸ್ತರು, ಅಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ನಮ್ಮ ಒಕ್ಕಲುತನದ ನೆಂಟರಲ್ಲಿ ಸಂಬಳಕ್ಕೆ ಹೋಗುತ್ತಿದ್ದ ಹೆಂಗಸು ಅವರೊಬ್ಬರೇ. ಹೆರಿಗೆಯ ರಜೆ ಮುಗಿಯಲು ಒಂದು ವಾರವಿತ್ತು. ಅದರ ಮೇಲೆ ಒಂದು ದಿನ ತಪ್ಪಿಸಿದರೂ ಜಾಗ ಬೇರೆಯವರಿಗೆ ಎಂದು ಹೆಡ್‌ಮಿಸ್ಟ್ರೆಸ್ ಹೇಳಿ ಕಳಿಸಿದ್ದರು. ಅಜ್ಜಿಗೆ ಕೈ ನಡುಗುತ್ತಿತ್ತು, ಕೂಸನ್ನು ಎತ್ತುವಂತಿರಲಿಲ್ಲ. ಅಕ್ಕ ಸರೋಜಳಿಗೆ ಹನ್ನೆರಡು, ನನಗೆ ಒಂಬತ್ತು. ಇಬ್ಬರೂ ಅಮ್ಮನ ಶಾಲೆಯಲ್ಲೇ ಓದುತ್ತಿದ್ದೆವು. ಹಗಲು ತಮ್ಮನನ್ನು ನೋಡಿಕೊಳ್ಳುವವರು ಯಾರು?

ವಾರವಿಡೀ ಇದೇ ಮಾತು. ಅಪ್ಪ ಮೈಸೂರಿನಿಂದ ಒಬ್ಬ ಆಯಾಳನ್ನು ಕರೆಸಿದರು. ಬಿಳಿ ಸೀರೆಯ ಆಕೆ ನಡುಮನೆಯಲ್ಲಿ ನಿಂತು, ತನಗೊಂದು ಕೋಣೆ, ಒಂದು ಮಂಚ, ಹೊತ್ತುಹೊತ್ತಿಗೆ ಕಾಫಿ ಬೇಕೆಂದಳು. "ಇವ್ಳು ಮಗ ನೋಡ್ಕಳಕ್ಕೆ ಬಂದೋಳಾ, ನಾವೇ ಇವ್ಳ ನೋಡ್ಕಬೇಕಾ?" ಎಂದು ಅಜ್ಜಿ ಅವಳ ಎದುರೇ ಕೇಳಿದರು. ಮಧ್ಯಾಹ್ನದ ರೈಲಿಗೆ ಆಯಾ ವಾಪಸು ಹೋದಳು. ಅಜ್ಜಿಯ ಮನಸ್ಸಿನಲ್ಲಿದ್ದದ್ದು ಮಳವಳ್ಳಿಯಲ್ಲಿದ್ದ ಅವರ ವಿಧವೆ ತಂಗಿ. "ನಮ್ಮೋಳು ಕಣಮ್ಮ, ಮನೇಲೇ ಬಿದ್ದಿರ್ತಾಳೆ." ಅಮ್ಮ ಒಪ್ಪಲಿಲ್ಲ. "ನಮ್ಮೋರಿಗೆ ಹೀಗೇ ಮಾಡಿ ಅಂತ ಹೇಳಕ್ಕಾಗುತ್ತಾ ಅತ್ತೆ? ಸರಿಹೋಗದಿದ್ರೆ ಹೋಗಿ ಅನ್ನಕ್ಕಾಗುತ್ತಾ?" ಈ ಮಾತು ಮಳವಳ್ಳಿಗೆ ಮುಟ್ಟಿತು. ಚಿಕ್ಕಜ್ಜಿ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಬೇಡವೆನಿಸಿದ ದಿನ ಹೋಗು ಎನ್ನಬಹುದಾದವಳು ಬೇಕಿತ್ತು ಅಮ್ಮನಿಗೆ. ಹಾಗೆ ಬಂದವಳು ಗುತ್ತಲಿನ ಕಾಳಮ್ಮ.

ಅವಳು ಬೆಳಿಗ್ಗೆ ತನ್ನ ಏಳು ತಿಂಗಳ ಮಗನನ್ನು ಸೊಂಟದ ಮೇಲೆ ಹೊತ್ತು ಬಂದು, ಸಂಜೆ ಅಮ್ಮ ಬಂದ ಮೇಲೆ ಹೋಗುತ್ತಿದ್ದಳು. ಬಚ್ಚಲಲ್ಲಿ ಎರಡು ಕಾಲನ್ನೂ ನೀಡಿಕೊಂಡು ಕೂತು, ತಮ್ಮನನ್ನು ಮೊಣಕಾಲ ಮೇಲೆ ಬೋರಲು ಮಲಗಿಸಿ ಹರಳೆಣ್ಣೆ ತಿಕ್ಕಿ ಎರೆಯುವಾಗ, ಆ ಬಿಸಿನೀರಿನ ಹಬೆಯಲ್ಲಿ, ಸೀಗೆಯ ಘಾಟಿನಲ್ಲಿ ಕೂಸು ಅಳುವುದನ್ನೇ ಮರೆಯುತ್ತಿತ್ತು. ಕಬ್ಬಿನ ಕೂಳೆ ಚುಚ್ಚಿ ನನ್ನ ಕಾಲು ಕೀವಾಗಿದ್ದರಿಂದ ಆ ವಾರ ನಾನು ಶಾಲೆಗೆ ಹೋಗದೆ ನಡುಮನೆಯಲ್ಲಿ ಚಾಪೆಯ ಮೇಲಿದ್ದೆ. "ಒಳಲೇಲಿ ಹಸುವಿನ ಹಾಲು ಮಾತ್ರ ಕುಡಿಸ್ಬೇಕು. ನೀನು ಕಣ್ಣಿಟ್ಟಿರು" ಎಂದು ಅಮ್ಮ ಕಾಳಮ್ಮನಿಂದ ಹೂಂ ಅನ್ನಿಸಿಕೊಂಡು ನನಗೆ ಹೇಳಿದ್ದರು. ಕೂಸಿಗೆ ಹಾಲು ಹಾಕುವ ಆ ಪುಟ್ಟ ಮೂತಿಯ ಬಟ್ಟಲನ್ನು ಅವರೇ ಬಿಸಿನೀರಿನಲ್ಲಿ ತೊಳೆದಿಟ್ಟು ಹೋಗುತ್ತಿದ್ದರು. ನಾನು ಕಣ್ಣಿಟ್ಟೆ. "ಏನವ್ವ ವಕೀಲಮ್ಮ, ಇವತ್ತೇನು ಬರ್ಕೊಂಡೆ?" ಎಂದು ಕಾಳಮ್ಮ ನಗುತ್ತಿದ್ದಳು. ಮೂರನೆಯ ದಿನ ಕೂಸು ಒಳಲೆಯ ಹಾಲನ್ನು ಉಗಿದು ಉಸಿರು ಕಟ್ಟುವ ಹಾಗೆ ಅತ್ತಾಗ, ಅವಳು ಒಮ್ಮೆ ಅಜ್ಜಿಯ ಮುಖ ನೋಡಿದಳು. ಅಜ್ಜಿ ಗೋಡೆಯ ಕಡೆ ತಿರುಗಿ ಕೂತರು. ಕಾಳಮ್ಮ ಸೆರಗು ಮರೆಮಾಡಿ ಕೂಸಿಗೆ ಎದೆ ಕೊಟ್ಟಳು. ಅಳು ಥಟ್ಟನೆ ನಿಂತಿತು. ಅವಳ ಸ್ವಂತ ಮಗ ಪಕ್ಕದಲ್ಲಿ ರಾಗಿಯಂಬಲಿ ಮೆತ್ತಿದ ಬೆರಳು ಚೀಪುತ್ತಾ ನೋಡುತ್ತಿದ್ದ.

ಶುಕ್ರವಾರ ಮಧ್ಯಾಹ್ನದ ಬಿಡುವಿಗೆ ಅಮ್ಮ ಅನಿರೀಕ್ಷಿತವಾಗಿ ಮನೆಗೆ ಓಡಿಬಂದರು. ಎದೆಯಲ್ಲಿ ಹಾಲು ಕಟ್ಟಿ ರವಿಕೆಯೆಲ್ಲ ಒದ್ದೆಯಾಗಿತ್ತು. ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡರೆ ಅವನು ಬಾಯಿಯನ್ನೇ ತೆರೆಯಲಿಲ್ಲ. ಹೊಟ್ಟೆ ತುಂಬಿದ ನಿದ್ದೆಯಲ್ಲಿ ಮುಖ ಆ ಕಡೆ ತಿರುಗಿಸಿಕೊಂಡ. ಅಮ್ಮ ಒಳಲೆಯನ್ನು ನೋಡಿದರು. ತುಂಬಿದ ಹಾಲು ಹಾಗೇ ಕೆನೆಗಟ್ಟಿತ್ತು.

"ಏನು ಕುಡೀತು ಮಗು?"

ಅಮ್ಮ ನನ್ನನ್ನು ನೋಡಿದರು. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ, ಎಷ್ಟು ದಿನ, ದಿನಕ್ಕೆ ಎಷ್ಟು ಸಲ ಎಂಬುದನ್ನೂ ಸೇರಿಸಿ.

"ಮಗ ಒಳಲೆ ಮುಟ್ಟಕ್ಕಿಲ್ಲ ಕಣ್ರವ್ವ, ಒಗೆ ವಾಸ್ನೆ ಅಂತ ಉಗುದ್‌ಬುಡ್ತದೆ" ಎಂದಳು ಕಾಳಮ್ಮ. "ಅಸ್ಕೊಂಡು ಅಳ್ತಿದ್ರೆ, ಎದೇಲಿ ಆಲ್ ಮಡೀಕೊಂಡು ಎಂಗೆ ನೋಡ್ಕೊಂಡು ಕೂತಿರ್ಲಿ?"

"ನಿನ್ನ ಕೇಳ್ದೋರು ಯಾರು?" ಎಂದರು ಅಮ್ಮ.

"ಕೊಟ್ರೆ ಏನಾಯ್ತೀಗ? ನಿನ್ ಗಂಡ್ನೂ ಕೇರಿ ಎಂಗಸ್ರ ಆಲು ಕುಡುದೇ ಬೆಳ್ದೋನು" ಎಂದರು ಅಜ್ಜಿ.

ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಅಮ್ಮನ ಕಣ್ಣಲ್ಲಿ ನೀರು ಬರುವುದರಲ್ಲಿತ್ತು, ಅತ್ತುಬಿಟ್ಟಿದ್ದರೆ ಸಮಾಧಾನವಾಗುತ್ತಿದ್ದರು. ನಾನು ಬಾಯಿ ಹಾಕಿದೆ. "ಅಪ್ಪನ ವಿಷ್ಯ ಬೇರೆ ಅಜ್ಜಿ. ಅಮ್ಮ ಒಳಲೇಲೇ ಅಂದಿದ್ರು, ಇವ್ಳು ಹೂಂ ಅಂದಿದ್ಲು. ಅಂದ್ಮೇಲೆ ಮಾತು ತಪ್ಪಿದೋಳು ಇವ್ಳೇ ತಾನೆ?"

ಅಮ್ಮನಿಗೆ ಬೇಕಾಗಿದ್ದ ಕಾರಣ ಸಿಕ್ಕಿಬಿಟ್ಟಿತು. "ನಾಳೆಯಿಂದ ಬರಬೇಡ" ಎಂದರು. ಕಾಳಮ್ಮ ಮಗನನ್ನು ಸೊಂಟಕ್ಕೆತ್ತಿಕೊಂಡು, ಹೋಗುವ ಮೊದಲು ನನ್ನ ಚಾಪೆಯ ಹತ್ತಿರ ನಿಂತು, "ಗೆದ್ಬುಟ್ಟೆ ಬುಡವ್ವ" ಎಂದಳು. ಕೋಪದ ದನಿಯಲ್ಲ. ಆಮೇಲೆ ಗುತ್ತಲಿನಿಂದ ಬೇರೆ ಯಾವ ಹೆಂಗಸೂ ನಮ್ಮ ಮನೆಯ ಕೆಲಸಕ್ಕೆ ಒಪ್ಪಲಿಲ್ಲ.

ಭಾನುವಾರ ಸಂಜೆ ಅಪ್ಪ ಕೋಟು ತೆಗೆದು ಗೂಟಕ್ಕೆ ಹಾಕುತ್ತಾ, "ಸರೋಜ ಇದಾಳಲ್ಲ, ಒಂದು ತಿಂಗಳ ಮಟ್ಟಿಗೆ" ಎಂದರು. ಎಷ್ಟು ಸಲೀಸಾಗಿ ಬಂತು ಆ ಮಾತು! ಅಷ್ಟು ದಿನವೂ ಆಯಾ, ಚಿಕ್ಕಜ್ಜಿ, ಕಾಳಮ್ಮ ಎಂದು ಹುಡುಕುತ್ತಿದ್ದಾಗಲೂ ಆ ಹೆಸರು ಎಲ್ಲರ ನಾಲಿಗೆಯ ಹಿಂದೆ ಕಾದು ಕೂತಿತ್ತೆಂದು ಈಗ ಅನಿಸುತ್ತದೆ. ಊರವರ ಹೆಣ್ಣುಮಕ್ಕಳನ್ನು ಓದಿಸುತ್ತಿದ್ದ ಅಮ್ಮ ತಲೆ ತಗ್ಗಿಸಿ ಅಕ್ಕಿ ಆರಿಸುತ್ತಿದ್ದರು. ಅಕ್ಕ ನನ್ನ ಕಡೆ ನೋಡಿದಳು. ಮಾತಿಗೆ ಮಾತು ಜೋಡಿಸುವವಳು ಆ ಮನೆಯಲ್ಲಿ ನಾನೊಬ್ಬಳೇ ಎಂದು ಅವಳಿಗೆ ಗೊತ್ತಿತ್ತು. ವಾದ ನನ್ನ ಬಾಯಲ್ಲಿ ಸಿದ್ಧವಾಗಿಯೂ ಇತ್ತು. ಆದರೆ ಅಕ್ಕ ಬೇಡವೆಂದರೆ ಮುಂದಿನ ಹೆಸರು ಯಾರದು ಎಂಬ ಲೆಕ್ಕವೂ ಅದರ ಜೊತೆಗೇ ಬಂತು. ಒಂಬತ್ತು ವರ್ಷದ ಹುಡುಗಿಗೆ ಅಷ್ಟೆಲ್ಲ ಹೊಳೆಯುತ್ತದೆಯೇ ಎಂದು ನೀವು ಕೇಳಬಹುದು. ಹೊಳೆಯುತ್ತದೆ. ನಾನು ಕಾಲಿನ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿಕೊಳ್ಳತೊಡಗಿದೆ.

ಆ ಒಂದು ತಿಂಗಳು ಮುಗಿಯಲೇ ಇಲ್ಲ. ತಮ್ಮ ಅವಳ ಸೊಂಟದ ಮೇಲೆ ಬೆಳೆದ, ಅವಳ ಹಿಂದೆ ನಡೆದ, ಅವಳನ್ನೇ ಮೊದಲು ಕೂಗಿದ. ನಾನು ಶಾಲೆಯಿಂದ ಬಂದೊಡನೆ, "ಇವತ್ತೇನು ಪಾಠ ಮಾಡಿದ್ರೇ?" ಎಂದು ಅವಳು ಕೇಳುತ್ತಿದ್ದಳು. ಮೂರು ವರ್ಷದ ಮೇಲೆ ನಾನು ಅವಳು ಬಿಟ್ಟ ತರಗತಿಗೆ ಬಂದೆ, ಅವಳು ಬಿಟ್ಟ ಪಾಠಕ್ಕೂ ಬಂದೆ. ಅಂದು ಅವಳು ಬಾವಿಕಟ್ಟೆಯ ಹತ್ತಿರ ತಮ್ಮನ ಮುಖ ತೊಳೆಯುತ್ತಿದ್ದವಳು ಒದ್ದೆ ಕೈಯಲ್ಲೇ ಎದ್ದು ಬಂದಳು. "ಕಾವೇರಿಗೆ ಸೇರೋ ನದಿಗಳಲ್ಲಿ ಶಿಂಷಾವರೆಗೆ ನಂಗೆ ಬರುತ್ತೆ. ಆಮೇಲೆ ಯಾವ್ದೇ?"

ನನಗಾಗ ಹನ್ನೆರಡು ವರ್ಷ. ಕೈಯಲ್ಲಿ ಹೊಸ ಪುಸ್ತಕ. "ಅದೆಲ್ಲ ನಿಂಗೀಗ ಯಾಕೆ?" ಎಂದೆ.

"ಹೌದಲ್ವಾ" ಎಂದು ನಕ್ಕು, ಅವಳು ತಮ್ಮನ ಮುಖ ಒರೆಸಲು ಹೋದಳು. ಮತ್ತೆಂದೂ ಕೇಳಲಿಲ್ಲ. ಮರುವರ್ಷವೇ ಅವಳನ್ನು ಮಳವಳ್ಳಿಗೆ ಮದುವೆ ಮಾಡಿಕೊಟ್ಟರು. ನಾನು ಕಾಲೇಜಿನಲ್ಲಿ ಸ್ತ್ರೀಶಿಕ್ಷಣದ ಪರವಾಗಿ ಎಷ್ಟು ಗಂಟೆ ಮಾತಾಡಿದ್ದೇನೋ, ಎಷ್ಟು ಬಹುಮಾನ ತಂದಿದ್ದೇನೋ. ಆ ಸಂಜೆ ಬೇಕಾಗಿದ್ದದ್ದು ಒಂದೇ ಒಂದು ಮಾತು, ಅರ್ಕಾವತಿ.