ಬೊಂಬೈಲಿದ್ದಾನೆ

ನಮ್ಮ ಕುಮಟೆಯಲ್ಲಿ ಆಗ ಕೆಲಸವಿಲ್ಲದ ಹುಡುಗರಿಗೆ ‘ಖಾಲಿ’ ಅನ್ನುತ್ತಿದ್ದರು. ಪಾತ್ರೆಗೆ, ಬಾಡಿಗೆ ಮನೆಗೆ ಅನ್ನುವ ಹಾಗೆಯೇ. “ಅವ ಎಂತ ಮಾಡ್ತಾನೆ?” “ಎಂತದೂ ಇಲ್ಲ, ಖಾಲಿ.” ನನ್ನ ಅಣ್ಣ ಮ್ಯಾಟ್ರಿಕ್ ಮುಗಿಸಿ ವರ್ಷಗಟ್ಟಲೆ ಖಾಲಿ ಇದ್ದ. ನಮ್ಮ ಜಿಲ್ಲೆ ಮುಂಬಯಿ ಸರಕಾರದಲ್ಲಿದ್ದಾಗ, ಮರಾಠಿ ಬಂದರೆ ಕಚೇರಿಯಲ್ಲಿ ಕೆಲಸ ಸಿಕ್ಕೀತು ಎಂದು ಕಷ್ಟಪಟ್ಟು ಕಲಿತಿದ್ದ. ಅಷ್ಟರಲ್ಲಿ ನಮ್ಮನ್ನು ಮೈಸೂರು ರಾಜ್ಯಕ್ಕೆ ಸೇರಿಸಿದರು. ಅವನ ಮರಾಠಿ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಸಾಹೇಬರ ನಕಲು ಮಾಡಿ ಗೆಳೆಯರನ್ನು ನಗಿಸುವುದಕ್ಕಷ್ಟೇ ಬಂತು. ಕಟ್ಟೆಯ ಮೇಲೆ ಅವನಂಥವರು ಇನ್ನೂ ಹಲವರಿದ್ದರು. ಹೆಣ ಹೊರಲು, ಮದುವೆಯಲ್ಲಿ ಬಡಿಸಲು ಊರಿಗೆ ಅವರೇ ಬೇಕು. ಉಳಿದ ದಿನ ಅವರನ್ನು ಕಂಡರೆ ಮುಖ ಸಿಂಡರಿಸುತ್ತಿದ್ದರು. ನಾನೂ ಏಳನೇ ಇಯತ್ತೆಗೆ ಶಾಲೆ ಬಿಟ್ಟು ಮನೆಯಲ್ಲೇ ಇದ್ದೆ. ನನ್ನನ್ನು ಯಾರೂ ಖಾಲಿ ಅನ್ನಲಿಲ್ಲ. ಹೆಣ್ಣಿಗೆ ಮದುವೆಯೇ ನೌಕರಿ ತಾನೆ!

ಆ ನೌಕರಿ ನನಗೆ ಭಟ್ಕಳದ ಕಡೆಯಿಂದ ಬಂತು. ಹುಡುಗನ ದೊಡ್ಡಪ್ಪ ಬಂದು, ಅವಲಕ್ಕಿ ತಿಂದು, ಮೊದಲು ಕೇಳಿದ್ದು, “ಹುಡುಗಿ ಅಣ್ಣ ಎಂತ ಮಾಡ್ತಾನೆ?” ನಮ್ಮದು ಅಪ್ಪ ಇಲ್ಲದ ಮನೆ. ಅಣ್ಣ ಖಾಲಿ ಎಂದರೆ ಈ ಮನೆಯ ಭಾರವೆಲ್ಲ ನಾಳೆ ಅಳಿಯನ ತಲೆಗೇ ಎಂದು ಎದ್ದು ಹೋಗುವವರೇ. ಹಿಂದಿನ ಸಂಬಂಧವೂ ಹಾಗೆಯೇ ತಪ್ಪಿಹೋಗಿತ್ತು. ಈ ದೊಡ್ಡಪ್ಪ ಬಂದ ವಾರವೇ ಅಣ್ಣ ಕೆಲಸ ಹುಡುಕಿಕೊಂಡು ಬೊಂಬೈಗೆ ಹೋಗಿದ್ದ.

“ಬೊಂಬೈಲಿದ್ದಾನೆ,” ಎಂದಳು ಅವ್ವ. “ಹಪೀಸಿನಲ್ಲಿ.”

ಮೊದಲ ಮಾತು ನಿಜ, ಎರಡನೆಯದು ಅವಳದೇ. “ಹಂಗಾರೆ ಆತು,” ಎಂದು ದೊಡ್ಡಪ್ಪ ಎಲೆಯಡಿಕೆಯ ತಟ್ಟೆ ಹತ್ತಿರ ಎಳೆದುಕೊಂಡರು.

ಮುಂದಿನ ತಿಂಗಳು, ದೀಪ ಹಚ್ಚುವ ಹೊತ್ತಿಗೆ, ಅಣ್ಣ ಮರಳಿ ಬಂದ. ಅಲ್ಲಿ ಕೆಲಸವೂ ಇಲ್ಲ, ಮಲಗಲು ಜಾಗವೂ ಇಲ್ಲ. ಅವ್ವ ಅವನನ್ನು ಒಳಗೆಳೆದು ಬಾಗಿಲು ಹಾಕಿದಳು. “ಯಾರಾದ್ರೂ ಕಂಡ್ರನೋ?” ಊಟ ಆಯಿತೇ ಎಂದು ಕೇಳಿದ್ದು ಆಮೇಲೆ. “ಮದುವೆ ಮುಗಿಯೋವರೆಗೆ ಹೊರಗೆ ಬೀಳಬೇಡ ಮಗಾ. ತಂಗಿ ಬಾಳು.”

ಅಣ್ಣ ಅಟ್ಟ ಹತ್ತಿದ. ಇಡೀ ಮಳೆಗಾಲ ಅಲ್ಲೇ ಕಳೆದ. ಬೆಳಗಾಗುವ ಮುಂಚೆ ಬಾವಿಕಟ್ಟೆಗೆ ಹೋಗಿ ಬಂದರೆ ಮತ್ತೆ ಕತ್ತಲಾಗುವವರೆಗೆ ಇಳಿಯುವಂತಿಲ್ಲ. ಪಕ್ಕದ ಮನೆಯಾಕೆ ಮಜ್ಜಿಗೆಗೆ ಬಂದು “ಮಗ ಹೆಂಗಿದ್ದಾನೆ?” ಎಂದರೆ ಸಾಕು, ಅವ್ವನ ಉತ್ಸಾಹ ನೋಡಬೇಕಿತ್ತು! ಸಾಹೇಬರಿಗೆ ಅವನೆಂದರೆ ಜೀವವಂತೆ, ಆಗಲೇ ಬಡ್ತಿಯೂ ಆಯಿತಂತೆ. ಮೇಲೆ ಅಣ್ಣ ಕೆಮ್ಮು ಬಾರದಂತೆ ಪಂಚೆ ಕಚ್ಚಿಕೊಂಡು ಕೂತಿರುತ್ತಿದ್ದ. ನಾನು ಅನ್ನ ಒಯ್ದರೆ ಮೊದಮೊದಲು ತಮಾಷೆ ಮಾಡುತ್ತಿದ್ದ, “ನನ್ನ ಪಗಾರ ಎಷ್ಟಾತೇ ಇವತ್ತಿಗೆ?” ಬರಬರುತ್ತ ಅದನ್ನೂ ಬಿಟ್ಟ. ಒಂದು ದಿನ ಅಂದ, “ಅವ್ವ ಕೆಳಗೆ ಹೇಳ್ತಾಳಲ್ಲ, ಆ ಮಗ ಒಳ್ಳೆಯವ. ಇವ ಯಾರಿಗೆ ಬೇಕು?” ಅವ್ವನ ಮೇಲೆ ಆ ದಿನ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮದುವೆಗೆ ಅವನನ್ನು ಬೊಂಬೈಯಿಂದ ಬರಿಸಬೇಕಲ್ಲ. ನಸುಕಿನಲ್ಲೇ ಬೊಂಬೈ ದಾರಿಯ ಅಂಕೋಲೆಗೆ ಹೋಗಿ, ಮಧ್ಯಾಹ್ನದ ಬಸ್ಸಿಗೆ ಟ್ರಂಕು ಹಿಡಿದು ಕುಮಟೆಯಲ್ಲಿ ಎಲ್ಲರೆದುರು ಇಳಿದ. ಮಳೆಗಾಲವೆಲ್ಲ ಬಿಸಿಲು ಕಾಣದ ಮೈ ಬೆಳ್ಳಗಾಗಿತ್ತು. “ಬೊಂಬೈ ನೀರು ಹತ್ತಿತು,” ಎಂದು ಜನ ಮೆಚ್ಚಿಕೊಂಡರು. ಕಟ್ಟೆಯ ಗೆಳೆಯರು ಅವನನ್ನು ಮುತ್ತಿಕೊಂಡು, “ನನಗೂ ಒಂದು ಕೆಲಸ ನೋಡು ಮಾರಾಯ,” ಎಂದು ಗೋಗರೆದರು. ಎಲ್ಲರಿಗೂ ಆಗಲಿ ಎಂದ.

ಮದುವೆ ಮುಗಿದ ಮೇಲೆ ರಜೆಯೂ ಮುಗಿಯಬೇಕಲ್ಲ. ಗೆಳೆಯರೇ ಟ್ರಂಕು ಹೊತ್ತು ಅವನನ್ನು ಬಸ್ಸು ಹತ್ತಿಸಿದರು. ಕತ್ತಲಾದ ಮೇಲೆ ಹಿತ್ತಲ ಬಾಗಿಲಿಂದ ಬಾ ಎಂದು ಅವ್ವ ಹೇಳಿಟ್ಟಿದ್ದಳು. ಅವನು ಬರಲಿಲ್ಲ. ಮರುದಿನವೂ ಬರಲಿಲ್ಲ, ಆ ವರ್ಷವೂ ಬರಲಿಲ್ಲ.

ಹುಡುಕೋಣವೆಂದರೆ ಕಳೆದುಹೋಗಿದ್ದಾನೆ ಎಂದು ಮೊದಲು ಹೇಳಬೇಕು. ಯಾರಿಗೆ ಹೇಳುವುದು? ಇಡೀ ಊರಿಗೆ ಅವನು ಎಲ್ಲಿದ್ದಾನೆಂದು ಗೊತ್ತಿತ್ತು. ಒಮ್ಮೆ ಭಟ್ಕಳದಲ್ಲಿ ನಮ್ಮ ಯಜಮಾನರು ನಗುತ್ತ ಮನೆಗೆ ಬಂದರು. ಹೊನ್ನಾವರದಲ್ಲಿ ಹೊಳೆ ದಾಟುವ ಕಡೆ ನನ್ನ ಅಣ್ಣನ ಹಾಗೇ ಇರುವವನೊಬ್ಬ ಮೂಟೆ ಹೊರುತ್ತಿದ್ದುದನ್ನು ಯಾರೋ ಕಂಡರಂತೆ. “ಬೊಂಬೈ ಭಾವ ಹೊನ್ನಾವರದಲ್ಲಿ ಎಂತಕ್ಕೆ ಮೂಟೆ ಹೊರ್ತಾನೆ!” ನಾನೂ ನಕ್ಕೆ. ತವರಿಗೆ ಹೋಗುವಾಗಲೆಲ್ಲ ಆ ಹೊಳೆಯ ಎರಡೂ ದಡದಲ್ಲಿ ಮೂಟೆ ಹೊತ್ತವರ ಮುಖ ಬಗ್ಗಿ ಬಗ್ಗಿ ನೋಡಿದೆ. ಅವನು ಸಿಗಲಿಲ್ಲ.

ಕೆಲವು ವರ್ಷಗಳಲ್ಲಿ ಅವ್ವ ತೀರಿಕೊಂಡಳು. ನಾವು ಭಟ್ಕಳದಿಂದ ಬಂದಾಗ ಅಂಗಳದ ತುಂಬ ಜನ. ಬೆಂಕಿ ಇಡುವ ಮಗ ಬರುವವರೆಗೆ ಕಾಯುವುದೋ ಹೇಗೆ ಎಂದು ಹಿರಿಯರು ಮಾತಾಡಿಕೊಳ್ಳುತ್ತಿದ್ದರು. ಯಜಮಾನರು ಚಪ್ಪಲಿ ಮೆಟ್ಟಿ ನನ್ನ ಬಳಿ ಬಂದರು.

“ಭಾವನಿಗೆ ತಂತಿ ಕೊಟ್ಟು ಬತ್ತೆ. ವಿಳಾಸ ಹೇಳು.”

ಅಂಗಳವೆಲ್ಲ ನನ್ನತ್ತ ತಿರುಗಿತು. ಅವ್ವನ ಮುಖ ನೋಡಿದೆ.

“ವಿಳಾಸ ಇಲ್ಲ,” ಎಂದೆ. “ಅಣ್ಣ ಎಲ್ಲಿದ್ದಾನೋ ನಂಗೆ ಗೊತ್ತಿಲ್ಲ.”

ದುಃಖದಲ್ಲಿ ನನ್ನ ಬಾಯಿ ತಪ್ಪಿತೆಂದುಕೊಂಡು ಯಜಮಾನರು ಪಕ್ಕದಲ್ಲಿ ಕೂತು, ಮೆಲ್ಲಗೆ, ವಿಳಾಸವನ್ನೇ ಮತ್ತೊಮ್ಮೆ ಕೇಳಿದರು.