ಮೌನದಲ್ಲಿ ಬಿದ್ದ ಪೆಟ್ಟು

ನನ್ನ ಬಲಗೈ ಇದೆಯಲ್ಲ, ಹಾಳಾದ್ದು, ನನ್ನ ಮಾತು ಕೇಳಲ್ಲ. ಮೈಸೂರಲ್ಲಿ ಪಿಟೀಲು ಕಲಿಸುವಾಗ ಅಪ್ಪ, ನುಡಿಸದೆ ಕೂತಾಗಲೆಲ್ಲ ತಾಳ ಹಾಕಲೇಬೇಕು ಅಂತ ರೂಢಿ ಮಾಡಿಸಿಬಿಟ್ಟರು. ತೊಡೆಯ ಮೇಲೊಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ಮೆಲ್ಬರ್ನಿಗೆ ಬಂದು, ಕಾಯಂ ನೆಲೆಸಲು ಪಿಆರ್ ಸಿಕ್ಕಿ, ವಾರವೆಲ್ಲ ಐಟಿ ಕೆಲಸ ಮಾಡಿ, ಶನಿವಾರ ಇಲ್ಲಿಯವರ ಪುಟ್ಟ ವಾದ್ಯಗೋಷ್ಠಿಯಲ್ಲಿ ನುಡಿಸತೊಡಗಿದರೂ ಕೈ ಮಾತ್ರ ಮೈಸೂರಲ್ಲೇ ಉಳಿದಿತ್ತು.

ನಮ್ಮ ಗೋಷ್ಠಿಗೆ ಸಂಗೀತ ಬರೆಯುತ್ತಿದ್ದವರು ಐಸ್‌ಲ್ಯಾಂಡಿನವರು, ಎಪ್ಪತ್ತು ದಾಟಿದ ಹೆಂಗಸು. ಮೀನುಗಾರರ ಊರಲ್ಲಿ ಹುಟ್ಟಿ, ಚರ್ಚಿನಲ್ಲಿ ಆರ್ಗನ್ ನುಡಿಸುತ್ತ ಬೆಳೆದು, ಮದುವೆಯಾಗಿ ಮೆಲ್ಬರ್ನಿನ ಗ್ಲೆನ್ ವೇವರ್ಲಿಗೆ ಬಂದವರು. ಗಂಡ ತೀರಿಕೊಂಡ ಮೇಲೂ ಅಡುಗೆಮನೆ ಟೇಬಲ್ಲಿನ ಮೇಲೆ ಪೆನ್ಸಿಲ್ಲಿನಲ್ಲೇ ಬರೆಯುತ್ತಿದ್ದರು. ಹೆಸರು ಹಿಡಿದು ಕರಿ ಅಂದರು. ನನಗೆ ನಾಲಿಗೆ ಹೊರಳಲಿಲ್ಲ, ಆಂಟಿ ಅಂದೆ.

ಆಂಟಿಯ ಎಡಗಿವಿ ಆಗಲೇ ಹೋಗಿತ್ತು. ಬಲಗಿವಿಗೂ ಇನ್ನು ಕೆಲವೇ ತಿಂಗಳು ಅಂತ ಡಾಕ್ಟರ್ ಹೇಳಿದ್ದರು. ಅಷ್ಟರೊಳಗೆ ಸಿಡ್ನಿಯ ಕಾರ್ಯಕ್ರಮಕ್ಕೆ ಅಂತ ಹೊಸ ಕೃತಿ ಬರೆದು ಮುಗಿಸಿದರು. "ಇದೊಂದನ್ನ ಕೇಳಿಬಿಡ್ತೀನಿ. ಆಮೇಲೆ ಕಿವಿ ಹೋದರೆ ಹೋಗಲಿ," ಅಂದರು.

ಅದರ ನಡುವೆ ಒಂದು ನಿಮಿಷ ಪೂರ್ತಿ ಮೌನ. ಪಿಟೀಲು ಮಡಿಲಲ್ಲಿಟ್ಟುಕೊಂಡು ಕೂರಬೇಕು. ಆಮೇಲೆ ಮೊದಲ ಸ್ವರ ನನ್ನದೇ. ಹಿಮ ಬಿದ್ದು ನಿಂತಾಗ ಆಂಟಿಯ ಊರು ಹೀಗೇ ಇರುತ್ತಿತ್ತಂತೆ. ಪ್ರಾಕ್ಟೀಸಿನಲ್ಲಿ ಲೆಕ್ಕ ಹಿಡಿಯಲು ನನ್ನ ಕೈ ತೊಡೆಗೆ ಟಪ್ ಅಂತ ಬಡಿಯಿತು. ಆಂಟಿ ಬಲಗಿವಿ ನನ್ನತ್ತ ತಿರುಗಿಸಿ, "ನೀನೇ ಅಲ್ವಾ!" ಅಂತ ನಕ್ಕರು. ಎರಡನೇ ಸಲ ನಗಲಿಲ್ಲ. "ನನಗೆ ಉಳಿದಿರೋದೇ ಇಷ್ಟು. ಅದನ್ನೂ ಕೆಡಿಸ್ತೀಯಾ? ಕೈ ಕಟ್ಟಿಹಾಕ್ತೀನಿ ನೋಡು," ಅಂತ ಬೈದರು. ಅಳು ಬಂತು. ಆ ತಿಂಗಳಿಡೀ ಮನೆಯಲ್ಲಿ ಕೈ ಮೇಲೆ ಕೂತು ಮೌನ ಅಭ್ಯಾಸ ಮಾಡಿದೆ. ಗಂಡ ನೋಡಿ, ನಿನಗೆ ತಲೆ ಕೆಟ್ಟಿದೆ ಅಂದ.

ಸಿಡ್ನಿಯಲ್ಲಿ ಭಾನುವಾರ ಮಧ್ಯಾಹ್ನ. ಆಂಟಿ ಮೊದಲ ಸಾಲಿನಲ್ಲೇ, ಕಣ್ಣು ಮುಚ್ಚಿ ಕೂತಿದ್ದರು. ಮೌನ ಶುರುವಾಯಿತು. ಸ್ವರ ಬೇಗ ಎತ್ತಿಬಿಟ್ಟರೆ ಅನ್ನೋ ಹೆದರಿಕೆಗೆ ಜೀವ ಬಾಯಿಗೆ ಬಂದಿತ್ತು. ಅಯ್ಯೋ ದೇವರೇ, ಆ ಹೆದರಿಕೆಯಲ್ಲೇ ಕೈ ಎದ್ದು ಬಡಿದುಬಿಟ್ಟಿತು. ಇಡೀ ಹಾಲಿಗೆ ಕೇಳಿಸಿತು. ಜನ ಕತ್ತು ಹೊರಳಿಸಿ ನೋಡಿದರು. ಆಮೇಲೆ ಏನು ನುಡಿಸಿದೆನೋ ನನಗೇ ಗೊತ್ತಿಲ್ಲ.

ಮುಗಿದ ಮೇಲೆ ನಮ್ಮವರ ಹೋಟೆಲುಗಳಿರುವ ಹ್ಯಾರಿಸ್ ಪಾರ್ಕಿನಲ್ಲಿ ಆಂಟಿಗೆ ದೋಸೆ ಕೊಡಿಸುತ್ತೇನೆ ಅಂತ ಮೊದಲೇ ಮಾತು ಕೊಟ್ಟಿದ್ದೆ. ಟ್ರೇನಿನಲ್ಲಿ ಆಂಟಿ ಕಿಟಕಿಯಾಚೆ ನೋಡುತ್ತ ಕೂತರು, ಒಂದು ಮಾತಿಲ್ಲ. ಹಾಗೆ ಸುಮ್ಮನಿರುವುದಕ್ಕಿಂತ ಎರಡು ಬಾರಿಸಿದ್ದರೂ ಆಗುತ್ತಿತ್ತು ಅನ್ನಿಸಿತು. ದೋಸೆ ಬಂತು, ಮುರಿದು ಮುರಿದು ತಟ್ಟೆಯಲ್ಲೇ ಇಟ್ಟೆ.

"ತಪ್ಪಾಯ್ತು ಆಂಟಿ. ನಿಮ್ಮ ಮೌನ ಕೆಡಿಸಿಬಿಟ್ಟೆ," ಅಂದೆ.

ನನ್ನ ತುಟಿಗಳನ್ನೇ ನೋಡುತ್ತಿದ್ದರು. ಇನ್ನೊಂದು ಸಲ ಹೇಳು ಅಂದರು. ಹೇಳಿ, ತೊಡೆಗೆ ಬಡಿದು ತೋರಿಸಿದೆ. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು.

"ಮೌನ ಎಲ್ಲಿ ಶುರುವಾಯ್ತು?" ಆಂಟಿ ಮೆಲ್ಲಗೆ ಕೇಳಿದರು. "ಕಣ್ಣು ಬಿಟ್ಟಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು."

ಡಾಕ್ಟರ್ ಹೇಳಿದ ಆ ಕೆಲವು ತಿಂಗಳು ಈ ತಿಂಗಳಲ್ಲೇ ಯಾವಾಗಲೋ ಮುಗಿದುಹೋಗಿದ್ದವು, ಆಂಟಿ ಯಾರಿಗೂ ಹೇಳಿರಲಿಲ್ಲ. ನನ್ನ ಪೆಟ್ಟು ಕೇಳಿಸದಿರಲಿ ಅಂತ ತಿಂಗಳಿಡೀ ಬೇಡಿಕೊಂಡವಳು ನಾನು. ಒಂದೇ ಒಂದು ಪೆಟ್ಟಾದರೂ ಕೇಳಿಸಿರಬಾರದಿತ್ತಾ ಅಂತ ಈಗ ಅನ್ನಿಸಿತು.

ಆಂಟಿ ಟೇಬಲ್ಲಿನ ಮೇಲೆ ಅಂಗೈ ಚಾಚಿದರು. "ಎಷ್ಟು ಜೋರಾಗಿತ್ತು? ಇಲ್ಲಿ ಹೊಡಿ."

ಹೊಡೆದೆ.

"ಇಷ್ಟೇನಾ?" ಅಂದರು. "ಇನ್ನೂ ಜೋರಾಗಿ ಹೊಡಿ."