ಬ್ಯಾಟರಿಯ ಬಲಗೈ

ಹಳೆಯ ಅಂಗಿ ಹಿಡಿದುಕೊಂಡು ಬರುವ ಗಿರಾಕಿಗಳನ್ನು ಕಂಡರೆ ನನ್ನ ಭಾವನಿಗೆ ಆಗುವುದಿಲ್ಲ. ಭಾವ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಯಾರಾದರೂ ಅಂಗಿಯನ್ನು ಮೇಜಿನ ಮೇಲಿಟ್ಟು "ಇದರ ಹಾಗೇ ಇರಲಿ" ಅಂದರೆ ಸಾಕು, ಮುಖ ಹುಳ್ಳಗೆ ಮಾಡಿಕೊಂಡು ಕುತ್ತಿಗೆಯಿಂದ ಟೇಪು ಎಳೆಯುತ್ತಾರೆ. "ನಾನು ಅಂಗಿಗೆ ಅಂಗಿ ಹೊಲಿಯಲ್ಲ, ಮನುಷ್ಯನಿಗೆ ಹೊಲೀತೀನಿ. ನೆಟ್ಟಗೆ ನಿಂತ್ಕೊಳ್ಳಿ." ಬಾಯಿ ಜೋರು, ಕೈ ಅದಕ್ಕಿಂತ ಚೆನ್ನ. ಅದಕ್ಕೇ ಬೈಸಿಕೊಂಡವರೂ ಮತ್ತೆ ಬರುತ್ತಾರೆ.

ಅವರ ಹೆಂಡತಿ ನನ್ನ ಅಕ್ಕ. ಅವಳ ಎರಡೂ ಕಿಡ್ನಿಗಳು ಕೈಕೊಟ್ಟ ಮೇಲೆ ವಾರಕ್ಕೆ ಮೂರು ಬೆಳಗ್ಗೆ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಬೇಕು. ತಡವಾದರೆ ಮೆಷಿನ್ನು ಮುಂದಿನವರ ಪಾಲು. ಒಮ್ಮೆ, ಬಾಡಿಗೆ ಕಾರಿನವನು ಬರುತ್ತೇನೆಂದು ಹೇಳಿ ಬರಲೇ ಇಲ್ಲ. ಅಂದು ಅಕ್ಕನ ಮುಖ ಊದಿಕೊಂಡಿತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಕುರ್ಚಿಯಲ್ಲೇ ಕೂತು, ಮೇಜಿನ ಅಂಚು ಹಿಡಿದುಕೊಂಡು ಒಂದೊಂದೇ ಉಸಿರು ಎಳೆಯುತ್ತಿದ್ದಳು. ಅದನ್ನು ನೋಡಿದ ಭಾವ ಯಾರನ್ನೂ ಕೇಳದೆ ಒಂದು ಹಳೇ ಕಾರು ತಂದು ನಿಲ್ಲಿಸಿದರು, ಡ್ರೈವಿಂಗ್ ಆಮೇಲೆ ಕಲಿತರು.

ಆ ಕಾರು ಮೊನ್ನೆ ಸಂಜೆ ಟಕ್ ಟಕ್ ಎಂದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮರುದಿನ ಬೆಳಗ್ಗೆ ಅಕ್ಕನ ಸರದಿ. ಪಕ್ಕದ ಮನೆಯವರು ರಾತ್ರಿ ಪಾಳಿಯ ಕೆಲಸಕ್ಕೆ ಹೊರಡುವ ಮುಂಚೆ ತಮ್ಮ ಕಾರಿನಿಂದ ವೈರು ಎಳೆದು ಇದನ್ನು ಶುರು ಮಾಡಿಕೊಟ್ಟರು. ಆರಿಸಿದ ಕೂಡಲೇ ಮತ್ತೆ ಸತ್ತುಬಿತ್ತು. "ಬ್ಯಾಟರಿ ಹೋಗಿದೆ, ಬೇರೆ ಹಾಕಿಸಿಬಿಡಿ" ಎಂದು ಅವರು ಹೊರಟರು.

ಬ್ಯಾಟರಿ ಯಾವ ಅಳತೆಯದೆಂದು ಹೇಳುವ ಮೇಲಿನ ಚೀಟಿ ಎಂದೋ ಅಳಿಸಿಹೋಗಿತ್ತು. "ಹಳೇದನ್ನೇ ಬಿಚ್ಚಿ ತಗೊಂಡು ಹೋಗೋಣ ಭಾವ, ಅವರೇ ನೋಡಿ ಕೊಡ್ತಾರೆ" ಅಂದೆ. ಶಾಲೆಯಲ್ಲಿ ಗುಮಾಸ್ತನಾದ ನನಗೂ ಅಷ್ಟು ಹೊಳೆದಿತ್ತು.

"ಹಳೇ ಅಂಗಿ ಹಿಡ್ಕೊಂಡು ಅಂಗಡಿಗೆ ಹೋಗ್ಲಾ ನಾನು?" ಎಂದರು ಭಾವ. ಬಾನೆಟ್ಟು ಎತ್ತಿ, ಎದುರಿಗೆ ನಿಂತು, ಗಿರಾಕಿಯ ಎದೆ ಸುತ್ತಳತೆ ತೆಗೆಯುವ ಗಾಂಭೀರ್ಯದಲ್ಲಿ ಬ್ಯಾಟರಿಯ ಉದ್ದ, ಅಗಲ, ಎತ್ತರ ಅಳೆದರು. ಅದು ಕೂರುವ ತಟ್ಟೆಯನ್ನೂ ಬಿಡಲಿಲ್ಲ.

ಬ್ಯಾಟರಿ ಅಂಗಡಿಯವರು ಅಳತೆ ಕೇಳಿಕೊಂಡು, "ಪ್ಲಸ್ ಯಾವ ಕಡೆ ಬರುತ್ತೆ?" ಎಂದರು.

"ಬಲಗಡೆ."

"ಸರಿಯಾಗಿ ನೋಡಿದ್ದೀರಲ್ವಾ? ಒಂದೇ ಅಳತೇಲಿ ಎರಡೂ ಥರ ಬರುತ್ತೆ."

"ಎಡ ಬಲ ನೋಡ್ಕೊಂಡೇ ಸ್ವಾಮಿ ಇಷ್ಟು ವರ್ಷ ಬಟ್ಟೆ ಹೊಲಿದಿರೋದು." ನಾನು ಕಿಸಕ್ಕನೆ ನಕ್ಕೆ. ಆಗಿನ್ನೂ ನಗು ಬರುತ್ತಿತ್ತು.

ಮನೆಗೆ ತಂದು ಹಳೆಯದನ್ನು ಬಿಚ್ಚಿ ಹೊಸದನ್ನು ಇಳಿಸಿದರೆ, ಅಳತೆ ಕೊಟ್ಟು ಹೊಲಿಸಿದಂತೆ ತಟ್ಟೆಯಲ್ಲಿ ಕೂತಿತು. ಭಾವ ನನ್ನತ್ತ ನೋಡಿ ಹುಬ್ಬು ಹಾರಿಸಿದರು. ಬ್ಯಾಟರಿಯ ತಲೆಯ ಮೇಲೆ ಸೀಸದ ಎರಡು ಗೂಟಗಳಿರುತ್ತವಲ್ಲ, ಒಂದು ಪ್ಲಸ್, ಒಂದು ಮೈನಸ್. ಪ್ಲಸ್ಸಿನದು ಕೆಂಪು ವೈರು. ಅದನ್ನು ಎಳೆದು ನೋಡಿದರೆ ಪ್ಲಸ್ಸಿನವರೆಗೆ ಬರಲೇ ಇಲ್ಲ. ಪ್ಲಸ್ ಆ ತುದಿಯಲ್ಲಿತ್ತು, ವೈರು ಈ ತುದಿಯಲ್ಲಿತ್ತು. ಬ್ಯಾಟರಿಯನ್ನೇ ತಿರುಗಿಸಿ ಇಟ್ಟೆವು. ಆಗ ಗೂಟಗಳು ಹಿಂದಕ್ಕೆ ಹೋಗಿ, ವೈರು ನಾಲ್ಕು ಬೆರಳು ಗಿಡ್ಡವಾಯಿತು. ಮತ್ತೆ ಮೊದಲಿನಂತೆ ಇಟ್ಟೆವು. ಬೀದಿದೀಪ ಹತ್ತಿಕೊಂಡಿತು. ಬ್ಯಾಟರಿ ಅಂಗಡಿ ಬಾಗಿಲು ಹಾಕುವ ಹೊತ್ತು ಹತ್ತಿರವಾಗುತ್ತಿತ್ತು.

ನನಗೆ ತಾಳ್ಮೆ ಕಡಿಮೆ. ಮೈನಸ್ಸಿನ ಕಪ್ಪು ವೈರಿನ ತುದಿಯ ಕ್ಲಾಂಪು ಪ್ಲಸ್ಸಿನ ಪಕ್ಕದಲ್ಲೇ ಇತ್ತಲ್ಲ, ಎಲ್ಲಿಗೆ ಮುಟ್ಟುತ್ತದೋ ಅಲ್ಲಿಗೆ ಹಾಕಿ ನೋಡೋಣ ಎಂದು ಅದನ್ನು ಗೂಟದ ಮೇಲಿಟ್ಟು ಒತ್ತಿದೆ. ಪ್ಲಸ್ಸಿನ ಗೂಟ ತುಸು ದಪ್ಪ, ಇಳಿಯಲಿಲ್ಲ. ಕೈಗೆ ಸ್ಪ್ಯಾನರು ತಗೊಂಡೆ, ಒಂದೇಟು ಹಾಕಿದರೆ ಇಳಿಯುತ್ತಿತ್ತು.

ಭಾವ ನನ್ನ ಮಣಿಕಟ್ಟು ಹಿಡಿದರು. "ಹೊಡೀಬೇಡ."

"ಒಂಚೂರು ಬಿಗಿ ಅಷ್ಟೇ ಭಾವ."

"ಕುತ್ತಿಗೆ ಬಿಗಿಯಾದ್ರೆ ತಲೆ ತುರುಕ್ತಾರೇನೋ? ಎಲ್ಲೋ ತಪ್ಪಾಗಿದೆ ಅಂತ ಅರ್ಥ. ಬಿಡು." ಸ್ಪ್ಯಾನರನ್ನು ನನ್ನ ಕೈಯಿಂದ ಬಿಡಿಸಿ ಕೆಳಗಿಟ್ಟರು.

ಅಕ್ಕ ಅಷ್ಟು ಹೊತ್ತೂ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವಳ ಕಾಲಿನ ಊತ ಚಪ್ಪಲಿಯ ಪಟ್ಟಿಯ ಆಚೀಚೆ ಉಬ್ಬಿತ್ತು. ನಾಳೆ ಏನು ಎಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಮೆಲ್ಲಗೆ, "ರೀ, ಅಂಗಡೀಲಿ ಯಾವ ಕಡೆ ಅಂದ್ರಿ?" ಎಂದಳು.

"ಬಲ ಅಂದೆ."

"ಹಳೇದ್ರಲ್ಲಿ ಎಲ್ಲಿತ್ತು? ಕೈ ಎತ್ತಿ ತೋರಿಸಿ."

ಭಾವ ಕಾರಿಗೆ ಎದುರಾಗಿ ನಿಂತು ಎಡಗೈ ಎತ್ತಿದರು.

"ಅದು ನಿಮ್ಮ ಎಡಗೈ."

"ನನ್ನ ಎಡ ಕಣೇ, ಅದರ ಬಲ..." ಎಂದವರು ಅಲ್ಲಿಗೇ ನಿಲ್ಲಿಸಿದರು.

ಎದುರು ನಿಂತ ಗಿರಾಕಿಯ ಬಲತೋಳು ದರ್ಜಿಯ ಎಡಕ್ಕೆ ಬರುತ್ತದೆ. ಅಳತೆ ಬರೆಯುವಾಗ ಗಿರಾಕಿಯ ಬಲವೇ ಬಲ. ಬದುಕಿಡೀ ಹಾಗೆ ನೋಡಿದ ಮನುಷ್ಯ ಬ್ಯಾಟರಿಯನ್ನೂ ಎದುರಿಗೆ ನಿಂತ ಗಿರಾಕಿ ಎಂದೇ ತಿಳಿದಿದ್ದರು; ಅಂಗಡಿಯವರು ಕೇಳಿದ್ದು ನೋಡುವವರ ಬಲ. ಇಷ್ಟು ವರ್ಷ ಅವರ ಪಕ್ಕದಲ್ಲಿ ಕೂತು ಗುಂಡಿ ಹಚ್ಚಿದ ಅಕ್ಕನಿಗಲ್ಲದೆ ಬೇರೆ ಯಾರಿಗೆ ಅದು ಹೊಳೆಯಬೇಕು?

ಎರಡೂ ಬ್ಯಾಟರಿಗಳನ್ನು ಸ್ಕೂಟರಿಗೆ ಹೇರಿಕೊಂಡು ಹೊರಟೆವು. ಅಂಗಡಿಯ ಶಟರು ಅರ್ಧ ಇಳಿದಿತ್ತು. ಭಾವ ಬಗ್ಗಿ ಒಳನುಗ್ಗಿ, ಬಟ್ಟೆಯ ತುಂಡಿನಲ್ಲಿ ಸುತ್ತಿ ಎದೆಗವಚಿಕೊಂಡಿದ್ದ ಹಳೆಯ ಬ್ಯಾಟರಿಯನ್ನು ಮೇಜಿನ ಮೇಲಿಟ್ಟರು. ಅದರ ಮೇಲೆ ಕೈಯಿಟ್ಟು ಹೇಳಿದರು: "ಇದರ ಹಾಗೇ ಇರಲಿ."

ಬೇರೆ ದಿನವಾಗಿದ್ದರೆ ಈ ಮಾತಿಗೆ ನಾನು ಭಾವನನ್ನು ವರ್ಷಗಟ್ಟಲೆ ಗೋಳುಹೊಯ್ದುಕೊಳ್ಳುತ್ತಿದ್ದೆ. ಅವತ್ತು ಅವರ ಮುಖ ನೋಡಲಾಗಲಿಲ್ಲ.

ಅಂಗಡಿಯವರು ಹೊಸ ಬ್ಯಾಟರಿಯ ಗೂಟಗಳ ಮೇಲೆ ಬೆರಳಾಡಿಸಿದರು. "ಏಟು ಬಿದ್ದಿಲ್ಲ, ಒಳ್ಳೇದಾಯ್ತು. ಬಿದ್ದಿದ್ರೆ ವಾಪಸ್ ತಗೊಳ್ತಿರ್ಲಿಲ್ಲ." ನಾನು ಸ್ಪ್ಯಾನರ್ ಹಿಡಿದಿದ್ದ ಕೈಯನ್ನು ಜೇಬಿಗೆ ಹಾಕಿಕೊಂಡೆ. "ಎಡದ್ದು ಇದೆಯೋ ಇಲ್ವೋ ನೋಡ್ಬೇಕು" ಎಂದು ಅವರು ಒಳಗೆ ಹೋದರು. ಪೆಟ್ಟಿಗೆಗಳನ್ನು ಎಳೆಯುವ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಭಾವ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಸುತ್ತಿದರು. ಕೊನೆಗೆ ಧೂಳು ಹಿಡಿದ ಪೆಟ್ಟಿಗೆಯೊಂದು ಬಂತು. ಹಳೆಯದರ ಪಕ್ಕದಲ್ಲಿಟ್ಟರೆ ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು. ಅವರು ಮೀಟರು ಹಚ್ಚಿ ನೋಡಿ "ಜೀವ ಇದೆ" ಅಂದರು. ಭಾವ ಗೋಡೆಗೆ ಒರಗಿಕೊಂಡರು.

ರಾತ್ರಿಯೇ ಬ್ಯಾಟರಿ ಜೋಡಿಸಿದ್ದಾಗಿತ್ತು. ಬೆಳಗ್ಗೆ ಅಕ್ಕನನ್ನು ಕೂರಿಸಿ ಭಾವ ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಶುರುವಾಯಿತು. ಆದರೆ ಭಾವ ಕಾರನ್ನು ಮುಂದಕ್ಕೆ ಬಿಡಲಿಲ್ಲ. "ಇನ್ನೊಂದ್ಸಲ ಆರಿಸಿ ನೋಡ್ತೀನಿ. ಅಲ್ಲಿಂದ ವಾಪಸ್ ಬರೋವಾಗ ಏನಾದ್ರೂ..." ಎಂದು ಅವರು ಕೀಲಿಗೆ ಕೈ ಹಾಕಿದರು.

ಅಕ್ಕ ಆ ಕೈ ಹಿಡಿದಳು. "ವಾಪಸ್ ಬರೋದು ಆಮೇಲೆ ನೋಡೋಣ. ಈಗ ಹೋಗಬೇಕಲ್ಲ, ನಡೀರಿ."

ಕಾರು ತಿರುವಿನಲ್ಲಿ ಮರೆಯಾಯಿತು. ಸದ್ದು ಎಲ್ಲಿ ನಿಂತುಬಿಡುತ್ತದೋ ಎಂದು ನಾನು ಬಾಗಿಲಲ್ಲೇ ಕಿವಿಗೊಟ್ಟು ನಿಂತಿದ್ದೆ.